ಆದೇಶಕ್ಕೂ ಒಂದು ಎಕ್ಸ್‌ಪೈರಿ ಡೇಟ್ ಇರಲಿ

ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿ. ಮೂಲೆಯಲ್ಲೊಂದು ಪುಟ್ಟ ಲೋಗೊ, ಅದರ ಕೆಳಗೆ 14 ಅಂಕಿಯ ಲೈಸೆನ್ಸ್ ನಂಬರ್, ಆಮೇಲೆ ಯಾವಾಗ ತಯಾರಾಯಿತು, ಎಷ್ಟರೊಳಗೆ ತಿನ್ನಬೇಕು ಅನ್ನುವ ವಿವರ. ಇದನ್ನೆಲ್ಲ ನೋಡಿಕೊಳ್ಳುವುದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ. ಒಳ್ಳೆಯ ಕೆಲಸವೇ. ನನ್ನದು ಒಂದೇ ಬೇಡಿಕೆ. ಪ್ರಾಧಿಕಾರ ಹೊರಡಿಸುವ ಆದೇಶದ ಮೇಲೂ ಹಾಗೇ ಒಂದು ಎಕ್ಸ್‌ಪೈರಿ ಡೇಟ್ ಅಚ್ಚು ಹಾಕಿಸಲಿ.

2024ರ ಆಗಸ್ಟ್ 21ರಂದು ಒಂದು ಆದೇಶ ಬಂತು. ಹಾಲು, ತುಪ್ಪದ ಮೇಲೆ ಹಾಲಿನ ಪ್ರೋಟೀನಿನ ಬಗೆ ಹೇಳುವ ಎ1, ಎ2 ಅಂತ ಬರೆಯುವುದು ಜನರ ದಾರಿ ತಪ್ಪಿಸಿದಂತೆ, ಅಳಿಸಿ ಅಂದರು. ಎ2 ಅಂತ ಬರೆದದ್ದಕ್ಕೆ ದುಪ್ಪಟ್ಟು ಬೆಲೆ ಕೊಟ್ಟವರು ಅಯ್ಯೋ ಅಂದುಕೊಳ್ಳುವಷ್ಟರಲ್ಲಿ ಆಗಸ್ಟ್ 26ಕ್ಕೆ ಆದೇಶ ವಾಪಸ್. ಇನ್ನಷ್ಟು ಚರ್ಚೆ ಆಗಬೇಕಂತೆ. ಟೆಟ್ರಾ ಪ್ಯಾಕಿನ ಹಾಲೇ ಇದಕ್ಕಿಂತ ಜಾಸ್ತಿ ದಿನ ಬಾಳುತ್ತದೆ.

ಅದಕ್ಕೂ ಮುಂಚೆ 2023ರ ಮಾರ್ಚ್‌ನಲ್ಲಿ ನಮ್ಮ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಅಂತ ಬರೆದು, ಮೊಸರನ್ನು ಕಂಸದೊಳಗೆ ಕೂರಿಸಿ ಅಂದಿದ್ದರು. ಗಲಾಟೆ ಆಯ್ತು. ಮಾರ್ಚ್ 29ಕ್ಕೆ ಕರ್ನಾಟಕದ ಚುನಾವಣೆ ಘೋಷಣೆಯಾಯಿತು, ಮಾರ್ಚ್ 30ಕ್ಕೆ ಪ್ರಾಧಿಕಾರ ಮನಸ್ಸು ಬದಲಾಯಿಸಿತು. ಎರಡಕ್ಕೂ ಸಂಬಂಧ ಇದೆ ಅಂತ ನಾನೇನೂ ಹೇಳುತ್ತಿಲ್ಲ.

ಇವೆಲ್ಲ ಸುಮ್ನೆ ನಕ್ಕು ಬಿಡುವಂಥವು. ಬೇಧಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣ, ಓಆರ್‌ಎಸ್, ಅದರ ಕತೆ ಹಾಗಲ್ಲ.

ಮಗುವಿಗೆ ಬೇಧಿ. ಅಪ್ಪ ರಾತ್ರಿ ಒಂಬತ್ತೂವರೆಗೆ ಮೆಡಿಕಲ್ ಶಾಪಿಗೆ ಓಡುತ್ತಾನೆ. ಓಆರ್‌ಎಸ್ ಕೊಡಿ ಅನ್ನುತ್ತಾನೆ. “ಪುಡಿನಾ, ರೆಡಿ ಇರೋದಾ ಸರ್?” ಗಡಿಬಿಡಿಯಲ್ಲಿ ಯಾರಾದರೂ ರೆಡಿ ಇರುವುದನ್ನೇ ತಗೊಳ್ತಾರೆ, ಅಲ್ವಾ? ಸ್ಟ್ರಾ ಅಂಟಿಸಿದ ಡಬ್ಬಿ, ಹಣ್ಣಿನ ಚಿತ್ರ, ಹೆಸರಿನಲ್ಲೇ ದಪ್ಪಕ್ಷರದ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು. ಈ ಡಬ್ಬಿಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು. ಸಕ್ಕರೆ ಹೆಚ್ಚಾದರೆ ಕರುಳು ನೀರನ್ನು ಒಳಗೆ ಎಳೆದುಕೊಳ್ಳುವ ಬದಲು ಹೊರಗೆ ಬಿಡುತ್ತದೆ. ಬೇಧಿ ಇನ್ನೂ ಜೋರಾಗುತ್ತದೆ.

ಪುಡಿ ಔಷಧದ ಕಾನೂನಿಗೆ ಬರುತ್ತದೆ, ಡಬ್ಬಿ ಆಹಾರದ ಕಾನೂನಿಗೆ. ಕಾನೂನು ಎರಡು, ಆದರೆ ಅಂಗಡಿಯಲ್ಲಿ ಶೆಲ್ಫು ಒಂದೇ.

2022ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಇಂಥ ಡಬ್ಬಿಗಳ ಮೇಲೆ ಓಆರ್‌ಎಸ್ ಅನ್ನುವ ಹೆಸರು ಬಳಸಬೇಡಿ ಅಂದಿತು. ಸರಿಯಾದ ಮಾತು. ಜುಲೈ ಹೊತ್ತಿಗೆ ಆ ಸರಿಯಾದ ಮಾತಿನ ಅವಧಿ ಮುಗಿಯಿತು. ಟ್ರೇಡ್‌ಮಾರ್ಕಿನ ಜೊತೆ ಓಆರ್‌ಎಸ್ ಅಂತ ಹಾಕಿಕೊಳ್ಳಿ, ಆದರೆ ‘ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ’ ಅಂತಲೂ ಬರೆಯಿರಿ ಅಂದರು! ಈ ಲೆಕ್ಕದಲ್ಲಿ ನಾನೂ ಬೀದಿಯಲ್ಲಿ ಡಾಕ್ಟರ್ ಅಂತ ಬೋರ್ಡು ಹಾಕಿ, ಕೆಳಗೆ ‘ಈತ ಡಾಕ್ಟರ್ ಅಲ್ಲ’ ಅಂತ ಸಣ್ಣಗೆ ಬರೆದುಕೊಂಡು ಸೂಜಿ ಚುಚ್ಚಬಹುದು. ಓದಿಕೊಳ್ಳದಿದ್ದರೆ ತಪ್ಪು ರೋಗಿಯದು.

ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಬಡಿದಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆ ಅನುಮತಿ ರದ್ದಾಯಿತು. ವಿಚಿತ್ರ ನೋಡಿ, ಎ2 ಆದೇಶ ಐದೇ ದಿನಕ್ಕೆ ಹಳಸಿತು, ಈ ಅನುಮತಿ ಮಾತ್ರ ಮೂರು ವರ್ಷ ಕೆಡದೆ ಉಳಿಯಿತು. ಯಾವ ಪ್ರಿಸರ್ವೇಟಿವ್ ಹಾಕಿದ್ದರೋ!

ದೆಹಲಿಯನ್ನೇ ಬೈದು ನಮ್ಮವರನ್ನು ಬಿಟ್ಟರೆ ಪಕ್ಷಪಾತವಾದೀತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ. ದೇಶದ ಯಾವ ತಿಂಡಿಗೂ ಅದಕ್ಕೆ ಮೊದಲೇ ಅನುಮತಿ ಇರಲಿಲ್ಲ. ಆದರೇನು, ನಿಷೇಧವಾದದ್ದನ್ನು ಇನ್ನೊಮ್ಮೆ ನಿಷೇಧಿಸಿದರೆ ಗಟ್ಟಿಯಾಗುತ್ತದೆ.

2025ರ ಡಿಸೆಂಬರ್‌ನಲ್ಲಿ ಪ್ರಾಧಿಕಾರ ಟೀ ಕಡೆ ತಿರುಗಿತು. ಚಹಾ ಗಿಡದಿಂದ ಬಂದದ್ದಕ್ಕೆ ಮಾತ್ರ ಟೀ ಅನ್ನಬೇಕು. ಹೂವು, ಬೇರು, ಸೊಪ್ಪು ಕುದಿಸಿ ಹರ್ಬಲ್ ಟೀ ಅನ್ನುವ ಹಾಗಿಲ್ಲ. ಈ ಸಲ ಹೇಳಿದ್ದರಲ್ಲಿ ನ್ಯಾಯವಿದೆ. ಆದರೂ ಹರ್ಬಲ್ ಟೀ ಮಾರುವವರಿಗೆ ನನ್ನ ಸಲಹೆ ಇಷ್ಟೇ. ಹೊಸ ಲೇಬಲ್ ಅಚ್ಚು ಹಾಕಿಸಿ, ಆದರೆ ಹಳೆಯ ಡಿಸೈನನ್ನು ಕಂಪ್ಯೂಟರಿನಿಂದ ಈಗಲೇ ಅಳಿಸಬೇಡಿ.