ಗರಿಕೆ ತೆಗೆಯುವ ಉಸಾಬರಿ

ಗರಿಕೆಗೆ ನೆರಳು ಆಗಿಬರುವುದಿಲ್ಲ. ನಮ್ಮ ಮನೆ ಮುಂದಿನ ಮರದಡಿ ಅದು ಬೊಕ್ಕತಲೆಯ ಕೂದಲಿನ ಹಾಗೆ ಅಲ್ಲೊಂದು ಇಲ್ಲೊಂದು ನಿಂತಿರುತ್ತಿತ್ತು. ಅದೇ ಗರಿಕೆ ಗುಲಾಬಿ ಪಾತಿಯಲ್ಲಿ, ಕಲ್ಲುಹಾಸಿನ ಸಂದಿಯಲ್ಲಿ, ಗೇಟಿನ ಬುಡದಲ್ಲಿ ಮಾತ್ರ ದಟ್ಟವಾಗಿ ಬೆಳೆಯುತ್ತಿತ್ತು. ಕರೆದ ಕಡೆ ಬಾರದು, ಬೇಡ ಅಂದ ಕಡೆ ಬಿಡದು.

ಇದನ್ನು ತೆಗೆದು ಸೇಂಟ್ ಆಗಸ್ಟೀನ್ ಹುಲ್ಲು ಹಾಕುವುದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಅಗಲ ಎಲೆ, ಸೆಕೆಗೆ ಹೆದರುವುದಿಲ್ಲ, ಸ್ವಲ್ಪ ನೆರಳಿದ್ದರೂ ಸಹಿಸಿಕೊಳ್ಳುತ್ತದೆ. ತೀರ್ಮಾನ ಹೆಂಡತಿಯದು, ಗುದ್ದಲಿ ನನ್ನದು.

ಗರಿಕೆ ಕೀಳುವುದು ಅಂದರೆ ಏನು ಅಂತ ಕಿತ್ತವರಿಗೇ ಗೊತ್ತು. ನೆಲದ ಮೇಲೊಂದು ಕುಡಿ ಓಡುತ್ತದೆ, ನೆಲದೊಳಗೆ ಇನ್ನೊಂದು ಬಿಳಿ ಕಾಂಡ ಓಡುತ್ತದೆ. ತುದಿ ಚೂಪು. ಗೇಣಿಗೆ ನಾಲ್ಕಾರು ಗೆಣ್ಣು. ಮೆಲ್ಲಗೆ ಎಳೆಯುತ್ತಾ ಹೋದರೆ ಬರುತ್ತದೆ, ಬರುತ್ತದೆ, ಇನ್ನೇನು ಪೂರ್ತಿ ಬಂತು ಅನ್ನುವಾಗ ಟಪ್ ಅಂತ ತುಂಡಾಗುತ್ತದೆ. ಒಳಗೆ ಉಳಿದ ತುಂಡಿನಲ್ಲಿ ಒಂದು ಗೆಣ್ಣಿದ್ದರೂ ಸಾಕು, ಮತ್ತೆ ಹಸಿರು. ಟಿಲ್ಲರ್ ಹೊಡೆಸಿಬಿಡಿ ಅಂದರು ಒಬ್ಬರು. ಟಿಲ್ಲರ್ ಅದನ್ನು ಚೂರು ಚೂರು ಮಾಡಿ ಹಿತ್ತಲಿಗೆಲ್ಲ ನಾಟಿ ಮಾಡಿಕೊಡುತ್ತದೆ. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಹೊಡಿ ಅಂದ ಭಾವಮೈದ. ಅದರ ಕಥೆ ಇನ್ನೂ ಚೆನ್ನಾಗಿದೆ. ಬಾಡಿದ ಹುಲ್ಲು ಆ ಔಷಧವನ್ನು ಬೇರಿನವರೆಗೆ ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಅದಕ್ಕೆ ಮೊದಲು ನೀರುಣಿಸಿ, ಹಸಿರಾಗಿಸಿ, ಚೆನ್ನಾಗಿ ಬೆಳೆಸಬೇಕು, ಆಮೇಲೆ ಹೊಡೆಯಬೇಕು. ಮತ್ತೆ ಚಿಗುರಿದರೆ ಮತ್ತೆ ಹೊಡೆಯಬೇಕು. ಸಾಯಿಸುವುದಕ್ಕೆ ಇಷ್ಟು ಸೇವೆ ಯಾಕೆ ಅಂತ ನಾವು ಬಿಸಿಲನ್ನೇ ನಂಬಿದೆವು.

ಬಿಸಿಲಿನ ವಿಧಾನ ಕೇಳುವುದಕ್ಕೆ ಸುಲಭ. ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಮಣ್ಣು ಚೆನ್ನಾಗಿ ನೆನೆಯುವಂತೆ ನೀರು ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಿ, ಅಂಚನ್ನು ಮಣ್ಣಲ್ಲಿ ಮುಚ್ಚಬೇಕು. ಹಾಳೆ ಕಪ್ಪಗಿರಬಾರದು, ಆಚೆಯದು ಕಾಣುವಂಥದ್ದಾಗಬೇಕು. ಬಿಸಿಲು ಒಳಗಿಳಿದು ಮಣ್ಣನ್ನೇ ಕಾಯಿಸಬೇಕಲ್ವಾ. ಕಡುಬೇಸಿಗೆಯಲ್ಲಿ 4ರಿಂದ 6 ವಾರ ಬಿಟ್ಟರೆ ಮೇಲ್ಮಣ್ಣು 50 ಡಿಗ್ರಿಯವರೆಗೂ ಕಾಯುತ್ತದೆ. ನಮ್ಮ ಮರದ ನೆರಳು ಬೀಳುವ ಕಡೆ ಈ ಆಟ ನಡೆಯುವುದಿಲ್ಲ, ಅಲ್ಲಿ ಗುದ್ದಲಿಯೇ ಗತಿ. ಉಳಿದ ಜಾಗಕ್ಕೆ ಹಾಳೆ ಹಾಸಿದೆವು.

ಪಕ್ಕದ ಮನೆಯವರು ಬೇಲಿ ಹತ್ತಿರ ಬಂದು ನಿಂತರು.

"ಏನ್ರೀ, ಹುಲ್ಲಿಗೆ ಚಳಿ ಆಗುತ್ತಾ?"

ಅವರಿಗೆ ನಗು ಬರುವುದು ಸಹಜವೇ. ಅವರ ಅಂಗಳದ ತುಂಬಾ ಗರಿಕೆಯೇ, ಅದೂ ಆಸೆಪಟ್ಟು ಬೆಳೆಸಿದ್ದು. ಗಾಲ್ಫ್ ಮೈದಾನದಲ್ಲೂ ಫುಟ್‌ಬಾಲ್ ಮೈದಾನದಲ್ಲೂ ಇದನ್ನೇ ಬರ್ಮುಡಾ ಗ್ರಾಸ್ ಅಂತ ಮುದ್ದು ಮಾಡಿ ಸಾಕುತ್ತಾರೆ. ಎಷ್ಟು ತುಳಿದರೂ ಮತ್ತೆ ಏಳುತ್ತದೆ ಅನ್ನುವುದು ಅಲ್ಲಿ ಅದರ ದೊಡ್ಡ ಗುಣ. ನಮ್ಮಲ್ಲಿ ಅದೇ ತಲೆನೋವು.

ಆ ರಾತ್ರಿಯೇ ಗಾಳಿ ಎದ್ದಿತು. ಹಾಳೆಯ ಒಂದು ಮೂಲೆ ಬಿಡಿಸಿಕೊಂಡು ಪಟಪಟ ಬಡಿಯತೊಡಗಿತು. ಬೀದಿನಾಯಿಗಳಿಗೆ ಅದು ಕಳ್ಳನೋ ದೆವ್ವವೋ ತಿಳಿಯಲಿಲ್ಲ. ಬೊಗಳಿ ಸಾಕಾಗಿ ಕೊನೆಗೆ ಹಾಳೆಯ ಮೇಲೇ ಓಡಾಡಿದವು. ಒಂದೊಂದು ಉಗುರಿಗೆ ಒಂದೊಂದು ತೂತು. ಟೇಪ್ ಅಂಟಿಸಿದೆ, ಹನಿ ಹಿಡಿದ ಪ್ಲಾಸ್ಟಿಕ್ಕಿಗೆ ಅದು ಅಂಟಬೇಕಲ್ಲ. ವಾರ ಕಳೆಯುವಷ್ಟರಲ್ಲಿ ತೂತಿಗೊಂದರಂತೆ ಹಸಿರು ಮೂತಿಗಳು ಹೊರಗೆ ಬಂದವು. ಮಗಳು ಅವಕ್ಕೆಲ್ಲ ಹೆಸರಿಡತೊಡಗಿದ ಮೇಲೆ ಕೀಳುವುದು ಇನ್ನೂ ಕಷ್ಟವಾಯಿತು.

ಹಾಳೆ ತೆಗೆದಾಗ ನೆಲ ಪರವಾಗಿಲ್ಲ ಅನ್ನುವ ಹಾಗಿತ್ತು. ಗರಿಕೆ ಬಹುಪಾಲು ಬೆಂದಿತ್ತು. ಆ ಖಾಲಿ ಜಾಗಕ್ಕೆ ಮೊದಲು ಬಂದಿದ್ದು ಜೇಕು ಅನ್ನುವ ಇನ್ನೊಂದು ಕಳೆ. ಅದರ ಗೆಡ್ಡೆಗಳು ಆಳದಲ್ಲಿ ಸರ ಪೋಣಿಸಿಕೊಂಡು ಕೂತಿರುತ್ತವೆ, ಇಂಥ ಬಿಸಿಗೆಲ್ಲ ಜಗ್ಗುವುದಿಲ್ಲ. ಗರಿಕೆ ಇರುವಾಗ ಅದಕ್ಕೆ ಜಾಗವಿರಲಿಲ್ಲ, ಜಾಗ ನಾವೇ ಮಾಡಿಕೊಟ್ಟ ಹಾಗಾಯಿತು. ಮತ್ತೆ ಕುಕ್ಕರುಗಾಲಲ್ಲಿ ಕೂತು ಕೀಳುವ ಕಾರ್ಯಕ್ರಮ.

ಕಡೆಗೂ ಹೊಸ ಹುಲ್ಲು ಬಂತು. ಇದನ್ನು ಸಾಮಾನ್ಯವಾಗಿ ಬೀಜ ಚೆಲ್ಲಿ ಬೆಳೆಸುವುದಿಲ್ಲ. ಬೇರು ಸಮೇತದ ತುಂಡುಗಳನ್ನು ಅಡಿಗೊಂದರಂತೆ ನೆಟ್ಟು, ಬೇರು ಹಿಡಿಯುವ ತನಕ ಒಣಗದಂತೆ ನೋಡಿಕೊಳ್ಳಬೇಕು. ಶುರುವಿನಲ್ಲಿ ಸುಮ್ನೆ ಮುಖ ಊದಿಸಿಕೊಂಡು ಕೂತಿತ್ತು. ಸೆಕೆ ಜೋರಾದ ಮೇಲೆ ಚಳಿ ಬಿಟ್ಟು ಓಡತೊಡಗಿತು. ಮರದಡಿಯೂ ಹಸಿರಾಯಿತು. ಆಗಾಗ ಅಗಲ ಎಲೆಗಳ ನಡುವೆ ಒಂದು ಸಣ್ಣ ಎಲೆ ಇಣುಕುತ್ತದೆ, ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಅದನ್ನು ಕಿತ್ತು ಬರುತ್ತಾಳೆ.

ಮೊನ್ನೆ ಪಕ್ಕದ ಮನೆಯವರು ಮತ್ತೆ ಬೇಲಿ ಹತ್ತಿರ ಬಂದರು. ಮುಖದಲ್ಲಿ ನಗು ಇರಲಿಲ್ಲ.

"ನಿಮ್ಮ ಅಗಲ ಎಲೆ ಹುಲ್ಲು ತಂತಿ ಕೆಳಗಿಂದ ನಮ್ಮ ಕಡೆ ಬಂದುಬಿಟ್ಟಿದೆ ಕಣ್ರೀ. ಇದನ್ನು ತೆಗೆಯುವುದು ಹೇಗೆ?"

ಷೆಡ್ಡಿಗೆ ಹೋಗಿ ಹಾಳೆ ತಂದುಕೊಟ್ಟೆ, ತೂತುಗಳ ಸಮೇತ.