ವೋಟು ಇಲ್ಲಿ, ಇಡ್ಲಿ ಅಲ್ಲಿ

2025ರ ನವೆಂಬರ್ 29ರ ಆ ಇಡ್ಲಿ ನಿಮಗೆಲ್ಲ ನೆನಪಿರಬಹುದು. ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೂ ಉಪಮುಖ್ಯಮಂತ್ರಿಗಳೂ ಒಂದೇ ಮೇಜಿಗೆ ಕೂತು ತಿಂಡಿ ತಿಂದರು. ಡಿಸೆಂಬರ್ 2ಕ್ಕೆ ಇನ್ನೊಂದು ಸುತ್ತು. ಈ ಸಲ ಉಪಮುಖ್ಯಮಂತ್ರಿಗಳ ಮನೆಯಲ್ಲಿ, ಇಡ್ಲಿಗೆ ನಾಟಿಕೋಳಿ ಸಾರು. ಕುರ್ಚಿ ಯಾರಿಗೆ ಅಂತ ಯಾರಿಗೂ ತಿಳಿಯಲಿಲ್ಲ. ಮೆನು ಮಾತ್ರ ಮಕ್ಕಳಿಗೂ ಬಾಯಿಪಾಠ ಆಯಿತು.

ಕರ್ನಾಟಕದವರಿಗೆ ಅದು ಸರಿ. ಅವರ ಮುಖ್ಯಮಂತ್ರಿ, ಅವರ ಕೋಳಿ. ನಮಗೆ ಎಂತ? ನಾವು ಕಾಸರಗೋಡಿನ ಬದಿಯಡ್ಕದ ಹತ್ತಿರ, ಕೇರಳದ ಬಡಗು ತುದಿಯಲ್ಲಿ ಅಡಿಕೆ ಸುಲಿಯುತ್ತ ಟಿವಿ ನೋಡುವ ಕನ್ನಡದ ಜನ. ಆದರೂ ಆ ವಾರ ನನ್ನ ಅಕ್ಕನ ಮಗ ಚಾವಡಿಯಲ್ಲಿ ಕೂತು ಕೊಟ್ಟ ವಿಶ್ಲೇಷಣೆ ಕೇಳಿ ನಾನು ಬೆರಗಾದೆ. ಮೊದಲ ದಿನ ಉಪ್ಪಿಟ್ಟು ಇತ್ತು, ಎರಡನೇ ಸಲ ಕೋಳಿ ಬಂತು, ಅಂದರೆ ಮಾತುಕತೆ ಮುಂದೆ ಹೋಗಿದೆ ಅಂತ ಅವನ ಲೆಕ್ಕ. ಹುಡುಗನಿಗೆ 19 ವರ್ಷ. ಯಾವ ಶಾಸಕ ಯಾರ ಬಣ, ಯಾರು ದೆಹಲಿಗೆ ಹೋಗಿ ಬಂದರು, ಯಾರು ದೆಹಲಿಗೆ ಹೋಗಿಯೂ ಯಾರನ್ನೂ ಕಾಣದೆ ಬಂದರು, ಎಲ್ಲ ಬೆರಳ ತುದಿಯಲ್ಲಿ.

"ಸರಿ ಮಾರಾಯ, ಡಿಸೆಂಬರ್ 11ಕ್ಕೆ ನಮ್ಮ ಪಂಚಾಯತ್ ಎಲೆಕ್ಷನ್. ನಿನಗೆ ಮೊದಲ ವೋಟು. ನಮ್ಮ ವಾರ್ಡಿಗೆ ಯಾರು ನಿಂತಿದ್ದಾರೆ?" ಎಂದು ಕೇಳಿದೆ.

"ಒಬ್ಬರು ಚೇಚಿ ನಿಂತಿದ್ದಾರೆ ಮಾವ. ಹೆಸರು ಎಂತದೋ." ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ.

"ಎಷ್ಟು ವೋಟು ಹಾಕಬೇಕು?"

"ಒಂದು."

ಮೂರು ಹಾಕಬೇಕು. ಗ್ರಾಮ ಪಂಚಾಯತಿಗೆ ಒಂದು, ಬ್ಲಾಕಿಗೆ ಒಂದು, ಜಿಲ್ಲೆಗೆ ಒಂದು. ಬೆಂಗಳೂರಿನ ಕೋಳಿಗೆ ಎಷ್ಟು ಕಾಲು ಅಂತ ತಿಳಿದವನಿಗೆ ತನ್ನ ವೋಟು ಎಷ್ಟು ಅಂತ ತಿಳಿದಿರಲಿಲ್ಲ. ಮುಖ ಸ್ವಲ್ಪ ಸಣ್ಣದಾಯಿತು. ಅದೇ ರಾತ್ರಿ ಬಂದು, "ಮಾವ, ನಾನು ರಾಜಕೀಯ ಸರಿಯಾಗಿ ಕಲೀಬೇಕು, ಎಲ್ಲಿಂದ ಶುರು ಮಾಡಲಿ?" ಎಂದ.

ನನಗೆ ಭಾರೀ ಸಂತೋಷವಾಯಿತು. ಯಾಕೆಂದರೆ ರಾಜಕೀಯ ಕಲಿಯಲು ನಮ್ಮ ಊರಿನಷ್ಟು ಒಳ್ಳೆಯ ಜಾಗ ಭೂಮಿ ಮೇಲೆ ಇಲ್ಲ. ಬೇರೆ ಕಡೆ ಒಬ್ಬ ಮನುಷ್ಯನಿಗೆ ಒಂದೇ ಸರ್ಕಾರ. ನಮಗೆ ಎರಡು. ರೇಷನ್ ತಿರುವನಂತಪುರದ್ದು, ಸುದ್ದಿ ಬೆಂಗಳೂರಿನದ್ದು, ಆಸ್ಪತ್ರೆ ಮಂಗಳೂರಿನದ್ದು. ವೋಟು ಹಾಕುವ ಕಡೆಯ ಸುದ್ದಿ ಓದಲು ಬರುವುದಿಲ್ಲ, ಓದಲು ಬರುವ ಸುದ್ದಿಯ ಕಡೆ ವೋಟಿಲ್ಲ. ಹೀಗಾಗಿ ನಮ್ಮ ಅಭಿಪ್ರಾಯಗಳಿಂದ ಯಾರಿಗೂ ಲಾಭ ಇಲ್ಲ, ನಷ್ಟವೂ ಇಲ್ಲ. ಇಷ್ಟು ಶುದ್ಧ ಪ್ರಜಾಪ್ರಭುತ್ವ ಎಲ್ಲಿ ಸಿಗುತ್ತದೆ?

ನವೆಂಬರ್ 1ನ್ನೇ ನೋಡಿ. ಟಿವಿಯಲ್ಲಿ ರಾಜ್ಯೋತ್ಸವ, ಅರಶಿನ ಕುಂಕುಮದ ಬಾವುಟ. ಹೊರಗೆ ಕೇರಳದ ಹುಟ್ಟುಹಬ್ಬ ಕೇರಳಪ್ಪಿರವಿ, ಕಸವಿನ ಸೀರೆ. 1956ರಲ್ಲಿ ಒಂದೇ ದಿನ ಎರಡು ಮನೆಯಲ್ಲಿ ತೊಟ್ಟಿಲು ಕಟ್ಟಿದರು, ನಮ್ಮನ್ನು ಮದ್ರಾಸಿನ ಮಡಿಲಿಂದ ಎತ್ತಿ ಈ ತೊಟ್ಟಿಲಿಗೆ ಹಾಕಿದರು. ಆ ತೊಟ್ಟಿಲಿನಿಂದ ಜೋಗುಳ ಇವತ್ತಿಗೂ ಕೇಳುತ್ತದೆ. ಹಾಲು ಬರುವುದಿಲ್ಲ.

ಇರಲಿ. ಪಾಠ ಶುರುವಾಯಿತು. ಕಾಸರಗೋಡಿನಲ್ಲಿ ಮೊದಲ ಪಾಠ ಮಹಾಜನ ವರದಿ ಅಂತ ಎಲ್ಲರಿಗೂ ಗೊತ್ತು. ನಾನೂ ಇವನ ವಯಸ್ಸಿನಲ್ಲಿ ಗಂಟಲು ಹರಿದುಕೊಂಡು "ಮಹಾಜನ ವರದಿ ಜಾರಿಯಾಗಲಿ" ಎಂದು ಕೂಗಿದ್ದೇನೆ. ಆ ವರದಿಯಲ್ಲಿ ಎಂತ ಇದೆ ಅಂತ ನೋಡಿದ್ದು ತಲೆಗೂದಲು ನೆರೆದ ಮೇಲೆ. ಕೂಗುವವರು ಓದಬಾರದು ಅಂತ ಒಂದು ಅಲಿಖಿತ ನಿಯಮ ಇದೆ ಅಲ್ವಾ? ರಾಜ್ಯಗಳ ಗಡಿ ತಕರಾರು ಬಿಡಿಸಲು 1966ರಲ್ಲಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ಕೂತಿತು, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ಪೇಟೆ ಕರ್ನಾಟಕದಲ್ಲೇ ಇರಲಿ, ಒಂದಷ್ಟು ಹಳ್ಳಿ ಮಹಾರಾಷ್ಟ್ರಕ್ಕೆ ಹೋಗಲಿ, ಒಂದಷ್ಟು ಹಳ್ಳಿ ಈ ಕಡೆ ಬರಲಿ, ಚಂದ್ರಗಿರಿ ಹೊಳೆಯ ಬಡಗು ದಡದ ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದಿತು. ಮಹಾರಾಷ್ಟ್ರ ಆಗಲ್ಲ ಅಂತು. ಕೇರಳವೂ ಆಗಲ್ಲ ಅಂತು. ಮುಗಿಯಿತು.

"ಆದರೆ ಟಿವಿಯಲ್ಲಿ ಕರ್ನಾಟಕದವರು ಮಹಾಜನ ವರದಿಯೇ ಅಂತಿಮ ಅಂತಾರಲ್ಲ ಮಾವ?"

ಅನ್ನುತ್ತಾರೆ. ಬೆಳಗಾವಿಯಲ್ಲಿ ಗಲಾಟೆ ಆದಾಗ ಅನ್ನುತ್ತಾರೆ. ಅಲ್ಲಿ ಅಂತಿಮ ಅಂದರೆ ಬೆಳಗಾವಿ ಬಿಡುವುದಿಲ್ಲ ಅಂತ ಅರ್ಥ. ಚಂದ್ರಗಿರಿಯ ಸಾಲು ಬರುವ ಪುಟಕ್ಕೆ ಯಾರೋ ವೀಳ್ಯದೆಲೆ ಇಟ್ಟು ಮಡಚಿದ್ದಾರೆ. ಅಳಿಯ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದರೆ ನಾನು ಮುಂದಿನ ಮೆರವಣಿಗೆಗೆ ಹೋಗಬೇಕಾ ಬೇಡವಾ?" ಎಂದ. ಹೋಗು, ಬೊಂಡ ಕೊಡುತ್ತಾರೆ ಎಂದೆ.

ಎರಡನೇ ಪಾಠ ಚುನಾವಣೆ. ಇದರಲ್ಲೂ ನಮ್ಮ ಮಂಜೇಶ್ವರವನ್ನು ಮೀರಿಸುವವರಿಲ್ಲ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದವರು ಒಬ್ಬರೇ, ಮಂಜೇಶ್ವರದ ಉಮೇಶ ರಾವ್. ಪಕ್ಷೇತರರು. ಇಡೀ ರಾಜ್ಯ ಸಾಲಿನಲ್ಲಿ ನಿಂತು ವೋಟು ಹಾಕಿದಾಗ ನಾವು ಮನೆಯಲ್ಲೇ ಕೂತು ಗೆಲ್ಲಿಸಿದೆವು. 2016ಕ್ಕೆ ಬನ್ನಿ. ಅದೇ ಕ್ಷೇತ್ರ, ಗೆಲುವಿನ ಅಂತರ 89 ವೋಟು. ಒಂದು ಮದುವೆ ಮನೆಯ ಒಂದು ಪಂಕ್ತಿ. ಸೋತವರು ಕೋರ್ಟಿಗೆ ಹೋದರು, ಸತ್ತವರ ಹೆಸರಿನಲ್ಲಿ ವೋಟು ಬಿದ್ದಿದೆ ಎಂದರು. ಕೋರ್ಟು ಸಮನ್ಸ್ ಕಳಿಸಿತು. ಪಟ್ಟಿಯಲ್ಲಿ ಸತ್ತವರಲ್ಲಿ ಕೆಲವರು ಬಾಗಿಲು ತೆರೆದು ಬಂದು ಸಮನ್ಸಿಗೆ ಸಹಿ ಹಾಕಿದರು! ಇದನ್ನು ಹೇಳಿದಾಗ ಅಳಿಯ ನಂಬಲಿಲ್ಲ. ಯಕ್ಷಗಾನದಲ್ಲಾದರೂ ಸತ್ತವನು ಚೌಕಿಗೆ ಹೋಗಿ ಬಣ್ಣ ತೆಗೆದು ಬರುತ್ತಾನೆ, ಇವರು ಅಂಗಿ ಕೂಡ ಬದಲಿಸದೆ ಬಂದರು ಎಂದೆ. 2021ರಲ್ಲಿ ಅಂತರ 745. ಗೆದ್ದವರು ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಮಾಡಿದರು. ನಾವು ಆ ವಿಡಿಯೊ ನೋಡಿ ನೋಡಿ ಫೋನಿನ ಚಾರ್ಜು ಮುಗಿಸಿದೆವು.

ಅಷ್ಟರಲ್ಲಿ ಹುಡುಗ ಎಲ್ಲಿಂದಲೋ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಒಂದು ಪಿಎಸ್‌ಸಿ ಗೈಡ್ ತಂದ. ಪ್ರಚಲಿತ ವಿದ್ಯಮಾನ ಕಲಿಯಲು ಇದೇ ದಾರಿ ಅಂತ ಯಾರೋ ಹೇಳಿದ್ದರಂತೆ. ಕೇರಳದಲ್ಲಿ ಅತಿ ಹೆಚ್ಚು ನದಿಗಳಿರುವ ಜಿಲ್ಲೆ ಯಾವುದು? ಕಾಸರಗೋಡು. ಒಂದು ಮಾರ್ಕು. ಅದೇ ಕಾಸರಗೋಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ನೀರಿಗೆ ಟ್ಯಾಂಕರ್ ಯಾಕೆ ಓಡುತ್ತದೆ? ಗೈಡಿನಲ್ಲಿ ಇಲ್ಲ. ಸಪ್ತಭಾಷಾ ಸಂಗಮಭೂಮಿ ಯಾವುದು? ಕಾಸರಗೋಡು. ಒಂದು ಮಾರ್ಕು. ಏಳು ಭಾಷೆಯ ನೆಲದಲ್ಲಿ ನೋಟೀಸು ಒಂದೇ ಭಾಷೆಯಲ್ಲಿ ಯಾಕೆ ಅಂಟಿಸುತ್ತಾರೆ? ಅದೂ ಇಲ್ಲ.

ನೋಟೀಸಿನ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಇವನು ಮಲಯಾಳ ಮಾತಾಡುತ್ತಾನೆ, ಓದುವಾಗ ಅಕ್ಷರ ಕೂಡಿಸಿಕೊಂಡು ಎತ್ತಿನ ಗಾಡಿ ಓಡಿಸುತ್ತಾನೆ. ಒಂದು ದಿನ ಕಚೇರಿಯೊಂದರ ಗೋಡೆ ಮುಂದೆ ನಿಂತು ಓದಿದ. "ಸಂಸ್ಥಾನ ಸರ್ಕಾರ" ಅಂತಿತ್ತು. "ಇಲ್ಲಿ ಇನ್ನೂ ಅರಸರು ಇದ್ದಾರಾ ಮಾವ?" ಇಲ್ಲ, ಮಲಯಾಳದಲ್ಲಿ ಸಂಸ್ಥಾನ ಅಂದರೆ ರಾಜ್ಯ. "ಅಪೇಕ್ಷೆ ಕೊಡಬೇಕು ಅಂತುಂಟು. ನಮ್ಮ ಅಪೇಕ್ಷೆ ಇವರು ಯಾವಾಗಿಂದ ಕೇಳಲು ಶುರು ಮಾಡಿದರು?" ಅಪೇಕ್ಷೆ ಅಂದರೆ ಅರ್ಜಿ. ಕೊನೆಗೆ "ತದ್ದೇಶ ಸ್ವಯಂಭರಣ" ಎಂಬಲ್ಲಿ ಗಾಡಿ ನಿಂತಿತು. ಅದನ್ನು ಸ್ವಯಂವರ ಅಂತ ಓದಿದ. ಸ್ಥಳೀಯ ಆಡಳಿತ ಅಂತ ಅದರ ಅರ್ಥ, ಆದರೆ ನಾನು ತಿದ್ದಲಿಲ್ಲ. ಡಿಸೆಂಬರ್ ಪೂರ್ತಿ ಊರಿನ ತುಂಬ ಹಾರ ಹಿಡಿದುಕೊಂಡು ಜನ ಓಡಾಡುತ್ತಿದ್ದರು. ಅವನು ಓದಿದ್ದು ಅಷ್ಟೇನೂ ತಪ್ಪಲ್ಲ.

ನ್ಯಾಯವಾಗಿ ಹೇಳಬೇಕು, ವೋಟಿನ ಯಂತ್ರದಲ್ಲಿ ಹೆಸರು ಕನ್ನಡದಲ್ಲೂ ಇತ್ತು. ಬಟನ್ ಒತ್ತುವ ಆ ಅರ್ಧ ನಿಮಿಷ ನಾವು ಪೂರ್ತಿ ಕನ್ನಡಿಗರು.

ಒಂದು ಸಂಜೆ ಅವನು ಗೈಡ್ ಮಡಚಿ, "ಮಾವ, ಇದರಲ್ಲಿ ಎಂಡೋಸಲ್ಫಾನ್ ಬಗ್ಗೆ ಒಂದು ಪ್ರಶ್ನೆ ಉಂಟು, ಯಾವ ಜಿಲ್ಲೆ ಅಂತ" ಎಂದ. ಅಲ್ಲಿ ನನ್ನ ತಮಾಷೆ ನಿಂತಿತು. ಯಾವ ಜಿಲ್ಲೆ ಅಂತ! ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ, ಹೆಲಿಕಾಪ್ಟರಿನಿಂದ ಈ ಕೀಟನಾಶಕದ ವಿಷ ಸುರಿದರು. ಪಡ್ರೆ ಎಂಬ ಹಳ್ಳಿಯ ಮನೆಗಳಲ್ಲಿ ಆ ವಿಷಕ್ಕೆ ಸಿಕ್ಕಿದ ಮಕ್ಕಳನ್ನು ನೋಡಿದವರಿಗೆ ಅದು ಒಂದು ಮಾರ್ಕಿನ ಪ್ರಶ್ನೆ ಅಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಎಂದಿತು. ಐದು ವರ್ಷ ಕಳೆದು 2022ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ 8 ಮಂದಿಗೆ ಕೊಟ್ಟಿದ್ದರು. ಎಂಟು. ಅವರೂ ಕೋರ್ಟಿಗೆ ಹೋದವರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು, ಆಗ ಈ ಹುಡುಗನಿಗೆ ಏಳು ವರ್ಷ. ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ನಡುವೆ 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕ ಗಡಿ ರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿಯಿತು. ಮಂಗಳೂರಿಗೆ ಮುಟ್ಟಲಾಗದೆ ನಮ್ಮವರು ಸತ್ತರು. ಜೋಗುಳ ಹಾಡುವ ಮನೆಯವರೇ ಮಣ್ಣು ಹಾಕಿದ್ದು. ಈ ಮನೆಯವರು ಆಸ್ಪತ್ರೆ ಕಟ್ಟಿರಲಿಲ್ಲ. ಇದರಲ್ಲಿ ಯಾರನ್ನು ಬೈಯಲಿ? ನನಗೆ ಬೈದು ಬೈದು ಸಾಕಾಗಿದೆ. ನಾಟಿಕೋಳಿಗೆ ದಿನಪೂರ್ತಿ ಚರ್ಚೆ ಇತ್ತು.

ಅವನೂ ಆವತ್ತು ಚಾ ಕುಡಿಯದೆ ಹೋದ.

ಮರುದಿನ ನಾನೇ ಕರೆದು ಹೇಳಿದೆ: ಟಿವಿ ಬಿಡು, ಗೈಡ್ ಬಿಡು, ಗ್ರಾಮಸಭೆಗೆ ಹೋಗು. ಕೇರಳದಲ್ಲಿ ಪ್ರತಿ ವಾರ್ಡಿಗೂ ಗ್ರಾಮಸಭೆ ಉಂಟು. ಮೂರು ತಿಂಗಳಿಗೆ ಒಂದಾದರೂ ಕೂಡಬೇಕು ಅಂತ 1994ರ ಕಾಯ್ದೆಯಲ್ಲೇ ಇದೆ. ನೂರರಲ್ಲಿ ಹತ್ತು ಮಂದಿ ವೋಟರು ಬಂದರೆ ಕೋರಂ. 1996ರಿಂದ ಯೋಜನೆ ಹಣದ ದೊಡ್ಡ ಪಾಲು ಪಂಚಾಯತಿಗೇ ಬರುತ್ತದೆ. ನಿನ್ನ ಮನೆ ಮುಂದಿನ ರಸ್ತೆಗೆ ಬೆಂಗಳೂರಿನ ಕುರ್ಚಿ ಬೇಡ, ಆ ಚೇಚಿಯ ಕುರ್ಚಿ ಸಾಕು.

ಹೊಸ ಮೆಂಬರ್ ಬಂದ ಮೇಲೆ ಸಭೆ ಕರೆದರು. ಹೋದ. ಜನ ಬಂದರು, ರಿಜಿಸ್ಟರಿಗೆ ಸಹಿ ಹಾಕಿದರು, ಚಾ ಕುಡಿದರು, ಹೊರಟರು. ಕೋರಂ ಕಾಗದದಲ್ಲಿ ಗಟ್ಟಿಯಾಗಿ ಕೂತಿತ್ತು. ಇವನು ಎದ್ದು ನಿಂತು, ಕುಡಿಯುವ ನೀರಿನ ಟ್ಯಾಂಕಿಗೆ ಕಳೆದ ಸಲ ಇಟ್ಟ ಹಣ ಎಂತ ಆಯಿತು ಎಂದು ಕೇಳಿದ. ಸಭೆ ಒಮ್ಮೆ ತಣ್ಣಗಾಯಿತಂತೆ. ಹಿಂದಿನ ಬೆಂಚಿನವರು ಒಬ್ಬರು ಮೆಲ್ಲ ಕೇಳಿದರು: "ನೀನು ಯಾವ ಪಾರ್ಟಿ?"

"ಯಾವುದೂ ಅಲ್ಲ."

"ಹಾಗಾದರೆ ಯಾರು ಕಳಿಸಿದ್ದು?"

ಸಂಜೆಯೊಳಗೆ ಸುದ್ದಿ ಹರಡಿತು. ಒಂದು ಪಾರ್ಟಿಯವರು ಅವನು ಇನ್ನೊಂದು ಪಾರ್ಟಿ ಎಂದರು, ಇನ್ನೊಂದರವರು ಮೂರನೆಯದು ಎಂದರು. ಮೂರನೆಯವರು ಮನೆಗೇ ಬಂದು ಮೆಂಬರ್‌ಶಿಪ್ ರಶೀದಿ ಪುಸ್ತಕ ತೆಗೆದರು. ರಾತ್ರಿ ಅಕ್ಕನ ಫೋನು. "ನೀನೇ ಅವನನ್ನು ಹಾಳು ಮಾಡಿದ್ದು. ಟಿವಿ ನೋಡಿಕೊಂಡು ಚಂದ ಇದ್ದ. ಈಗ ಟ್ಯಾಂಕು ಟ್ಯಾಂಕು ಅಂತ ತಲೆ ತಿನ್ನುತ್ತಾನೆ."

ಅವನು ನಿಲ್ಲಲಿಲ್ಲ. ಕನ್ನಡದವರು ಕನ್ನಡದಲ್ಲೇ ಕಾಗದ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲಿ ಇರುವುದನ್ನು ಹುಡುಕಿ ತೆಗೆದ. ಹತ್ತು ರೂಪಾಯಿಯ ಸ್ಟ್ಯಾಂಪ್ ಅಂಟಿಸಿ, ದುಂಡಗಿನ ಕನ್ನಡ ಅಕ್ಷರದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ.

ಮೊನ್ನೆ ಉತ್ತರ ಬಂತು. ಎರಡು ಪುಟ, ಪೂರ್ತಿ ಮಲಯಾಳ. ಅಂಗಳದಲ್ಲಿ ಕೂತು ಅರ್ಧ ಗಂಟೆ ಗಾಡಿ ಓಡಿಸಿದ. ಎಂತ ಬರೆದಿದ್ದಾರೆ ಎಂದು ಕೇಳಿದೆ.

"ನನ್ನ ಅಪೇಕ್ಷೆ ಸಿಕ್ಕಿತಂತೆ ಮಾವ."