ನಮ್ಮನೆಯ ಸುಶಿ ಪಂಡಿತರು

ಇವತ್ತು ಬೆಳಿಗ್ಗೆ ನಮ್ಮ ಯಜಮಾನರು ದೋಸೆಯ ತುಂಡೊಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾನಿಲ್ಲಿ ಕಾವಲಿ ಮುಂದೆ ಬೆವರುತ್ತಿದ್ದೇನೆ, ಇವರಲ್ಲಿ ಧ್ಯಾನಕ್ಕೆ ಕೂತಿದ್ದಾರೆ! ಆಮೇಲೆ ತಲೆ ಅಲ್ಲಾಡಿಸಿ, "ಹದ ಇನ್ನೂ ಬರಬೇಕು" ಅಂದರು.

ಇದೆಲ್ಲ 'ಜಿರೋ ಡ್ರೀಮ್ಸ್ ಆಫ್ ಸುಶಿ' ಪ್ರಭಾವ. ಸುಶಿ ಅಂದರೆ ಅನ್ನದ ಮೇಲೆ ಮೀನಿಟ್ಟು ಕಟ್ಟುವ ಜಪಾನಿ ತಿಂಡಿ. 2011ರ ಸಾಕ್ಷ್ಯಚಿತ್ರ, ಇವರ ಕಣ್ಣಿಗೆ ಬಿದ್ದದ್ದು ಮೊನ್ನೆ. ಟೋಕಿಯೋದ ಗಿಂಜಾದಲ್ಲಿ, ನೆಲಮಾಳಿಗೆಯ ಹತ್ತೇ ಸೀಟಿನ ಅಂಗಡಿ. ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್‌ನವರ ಮೂರು ಸ್ಟಾರ್ ಸಿಕ್ಕಿತ್ತು. ಚಿತ್ರದಲ್ಲಿ ಎಂಬತ್ತೈದರ ಜಿರೋ ಓನೊ ಅಲ್ಲಿ ದಿನಾ ನಿಂತೇ ಸುಶಿ ಕಟ್ಟುತ್ತಾರೆ. ರಜೆ ಅಂದರೇ ಅವರಿಗೆ ಬೇಜಾರು.

ಮೊಟ್ಟೆಯ ಬಾಣಲೆಯನ್ನೇ ಬೇರೆ ಇಡುವ ಮನೆ ನಮ್ಮದು. ಆದರೂ ಈಗ ನಮ್ಮಲ್ಲಿ ಆಕ್ಟೋಪಸ್‌ನದ್ದೇ ಮಾತು. "ಅದು ಮೆತ್ತಗಾಗಲಿ ಅಂತ ಮುಕ್ಕಾಲು ಗಂಟೆ ತಿಕ್ತಾರೆ ಕಣೇ. ನೀನು ಚಪಾತಿ ಹಿಟ್ಟು ಎಷ್ಟೊತ್ತು ನಾದ್ತೀಯ?" ಅನ್ನ ಬಡಿಸಿದರೆ ಬೆರಳಿಟ್ಟು ನೋಡುತ್ತಾರೆ. ಸುಶಿಯ ಅನ್ನ ಮೈಯಷ್ಟೇ ಬೆಚ್ಚಗಿರಬೇಕಂತೆ. ರೀ, ಅದು ಸುಶಿಗೆ! ಸಾರಿಗೆ ಹೊಗೆಯಾಡೋ ಅನ್ನವೇ ಬೇಕು ಅಂತ ಇಷ್ಟು ವರ್ಷ ಗಲಾಟೆ ಮಾಡಿದ್ದು ಯಾರು? ಮಜ್ಜಿಗೆಯನ್ನೂ ಕಣ್ಣು ಮುಚ್ಚಿಯೇ ಕುಡಿಯುತ್ತಾರೆ. ನಿನ್ನೆ ಹಾಗೇ ಕುಡಿಯುತ್ತಾ ಕರಿಬೇವಿನ ಕಡ್ಡಿ ಗಂಟಲಿಗೆ ಸಿಕ್ಕಿ, ಧ್ಯಾನ ಕೆಮ್ಮಿನಲ್ಲಿ ಮುಗಿಯಿತು. ಬೆನ್ನು ತಟ್ಟಿದವಳೂ ನಾನೇ.

ಚಿತ್ರ ನೋಡುವಾಗ ಅತ್ತೆ ಕೇಳಿದ್ದು ಒಂದೇ ಮಾತು. "ಅಲ್ಲ ಕಣೋ, ಇವನ ಹೆಂಡ್ತಿ ಎಲ್ಲೂ ಕಾಣಲ್ವಲ್ಲ?" ಅದೇ ಹೊತ್ತಿಗೆ ಜಿರೋ ಹೇಳುತ್ತಿದ್ದರು: ಒಂದು ಭಾನುವಾರ ಮನೆಯಲ್ಲಿ ಮಲಗಿದ್ದರೆ, ಯಾರೋ ಗಂಡಸು ಮಲಗಿದ್ದಾನೆ ಅಂತ ಮಕ್ಕಳು ಅಮ್ಮನಿಗೆ ದೂರು ಕೊಟ್ಟರಂತೆ. ನಾವು ನಕ್ಕೆವು. ಅತ್ತೆ ನಗಲಿಲ್ಲ. ಮಾವ ರೈಲ್ವೆಯಲ್ಲಿದ್ದರು, ಬರೀ ನೈಟ್ ಡ್ಯೂಟಿ. "ನೀನೂ ಹಂಗೇ ಅಂದಿದ್ದೆ" ಎಂದು ಮಗನಿಗೆ ಹೇಳಿ ಎದ್ದು ಹೋದರು.

ಇವರಿಗೆ ಮಾತ್ರ ಅದು ತಾಗಲೇ ಇಲ್ಲ. ಆ ಅಂಗಡಿಗೆ ಸೇರಿದ ಹುಡುಗರು ಮೊದಲು ಬಿಸಿ ಟವೆಲ್ ಹಿಂಡಬೇಕು, ಆಮೇಲೇ ಮೀನು ಮುಟ್ಟೋದು. ಇನ್ನೂರಕ್ಕೂ ಹೆಚ್ಚು ಸಲ ಮೊಟ್ಟೆಯ ತಿಂಡಿ ಮಾಡಿದ ಮೇಲೆ ಗುರು ಒಪ್ಪಿದಾಗ ಒಬ್ಬ ಅತ್ತೇಬಿಟ್ಟನಂತೆ. ಇದೆಲ್ಲ ನೆನಪಿಸಿ, ನಾನೂ ಬಿಸಿನೀರಲ್ಲಿ ಅದ್ದಿದ ಮಸಿಬಟ್ಟೆಯನ್ನು ಇವರ ಮುಂದಿಟ್ಟೆ. "ಮೊದಲು ಇದನ್ನ ಹಿಂಡೋದು ಕಲೀರಿ."

"ನಾನು ಶಿಷ್ಯ ಅಲ್ಲ ಕಣೇ, ಗಿರಾಕಿ."

"ಹಾಗಾದ್ರೆ ದುಡ್ಡು ತೆಗೀರಿ. ಆ ಚಿತ್ರದ ಕಾಲಕ್ಕೇ ಅಲ್ಲಿ ಊಟ ಶುರುವಾಗ್ತಿದ್ದದ್ದು 30,000 ಯೆನ್‌ನಿಂದ."

ಫೋನ್ ತೆಗೆದು ಕಳಿಸಿಯೇಬಿಟ್ಟರು. ನಲವತ್ತು ರೂಪಾಯಿ. ಮೂಲೆ ಹೋಟೆಲಲ್ಲಿ ದೋಸೆಗೆ ಅಷ್ಟೇ ಅಂತೆ, ಅದೂ ಎರಡು ಚಟ್ನಿ ಕೊಡ್ತಾರಂತೆ.